ತರಂಗಂಬಾಡಿಗೆ ಸುವಾರ್ತೆ ಕಳುಹಿಸಿದ ಅರಸ, ಅರಮನೆಯಲ್ಲಿ ಅತ್ತ ರಾಣಿ

ಕಳೆದ ಭಾನುವಾರ ಎರಡನೇ ಸಮುವೇಲ 11ನೇ ಅಧ್ಯಾಯ ನೋಡಿದೆವು. ದಾವೀದನು ಊರೀಯನ ಮನೆಯನ್ನು ಹಾಳು ಮಾಡಿದ ಭಾಗ. ಇವತ್ತು ಅದರ ಪಕ್ಕದಲ್ಲೇ ಇಟ್ಟು ನೋಡಬೇಕಾದ ಇನ್ನೊಬ್ಬ ಅರಸನ ಜೀವನ ಹೇಳ್ತೀನಿ. ಡೆನ್ಮಾರ್ಕ್ ಮತ್ತು ನಾರ್ವೆ ದೇಶಗಳನ್ನು ಆಳಿದ ನಾಲ್ಕನೇ ಫ್ರೆಡರಿಕ್.

ಬೈಬಲ್ ಕಾಲೇಜಿನಲ್ಲಿ ಮಿಷನ್ ಚರಿತ್ರೆಯ ಪರೀಕ್ಷೆಗೆ ಈ ಅರಸನ ಹೆಸರು ಬರೆದು ನಾನೂ ಮಾರ್ಕ್ಸ್ ತಗೊಂಡಿದ್ದೀನಿ. ಭಾರತಕ್ಕೆ ಮೊದಲ ಪ್ರೊಟೆಸ್ಟೆಂಟ್ ಮಿಷನೆರಿಗಳನ್ನು ಕಳುಹಿಸಿದವನು ಅಂತ. ಅವನ ಮನೆಯ ವಿಷಯ ಮಾತ್ರ ಆಮೇಲೆ ಓದಿ ತಿಳಿದದ್ದು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹುಟ್ಟಿದ್ದು 1671ರಲ್ಲಿ, ಕೋಪನ್‌ಹೇಗನ್ ಪಟ್ಟಣದಲ್ಲಿ. 1695ರಲ್ಲಿ ಜರ್ಮನಿಯ ಮೆಕ್ಲೆನ್‌ಬರ್ಗ್ ಮನೆತನದ ಲೂಯಿಸಳನ್ನು ಮದುವೆಯಾದ. 1699ರಲ್ಲಿ, 27 ವರ್ಷಕ್ಕೆ ಸಿಂಹಾಸನ. ಆಗ ಆ ದೇಶದಲ್ಲಿ 1665ರ ರಾಜನಿಯಮ ಜಾರಿಯಲ್ಲಿತ್ತು. ಅದರ ಪ್ರಕಾರ ಅರಸನು ಮನುಷ್ಯರ ಎಲ್ಲಾ ಕಾನೂನುಗಳಿಗಿಂತ ಮೇಲೆ, ದೇವರೊಬ್ಬನಿಗೇ ಲೆಕ್ಕ ಕೊಡಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಅವನು ಮಾಡಿದ ಒಳ್ಳೇದು ಕಡಿಮೆ ಏನಲ್ಲ. ಕೆಲವು ದ್ವೀಪಗಳ ರೈತರು ಹುಟ್ಟಿದ ಜಮೀನು ಬಿಟ್ಟು ಹೋಗದಂತೆ ಕಟ್ಟಿಹಾಕಿದ್ದ ಪದ್ಧತಿಯನ್ನು 1702ರಲ್ಲಿ ತೆಗೆದುಹಾಕಿದ. ಅರಮನೆಯ ಜಮೀನುಗಳಲ್ಲಿ ಬಡಮಕ್ಕಳಿಗಾಗಿ 240 ಶಾಲೆ ಕಟ್ಟಿಸಿದ. (ಅದೇ ಅರಸನ ಕಾಲದಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಆಫ್ರಿಕಾದ ಗುಲಾಮರು ಅವನ ಬಾವುಟದ ಕೆಳಗೇ ಕಬ್ಬಿನ ತೋಟದಲ್ಲಿ ಸಾಯ್ತಾ ಇದ್ದರು. ಅದನ್ನೂ ಹೇಳದೆ ಬಿಟ್ಟರೆ ಸುಳ್ಳು ಹೇಳಿದ ಹಾಗೆ.) ಸ್ವೀಡನ್ ದೇಶದ ಜೊತೆ 1700ರಲ್ಲಿ ಒಂದು ಸಲ, ಆಮೇಲೆ 1709ರಿಂದ 1720ರ ತನಕ ಯುದ್ಧ ಮಾಡಿದ.

ಈಗ ನಮ್ಮ ಕಡೆಗೆ ಬರೋಣ. ತಮಿಳುನಾಡಿನ ತರಂಗಂಬಾಡಿ 1620ರಿಂದ ಡೇನರ ಕೈಯಲ್ಲಿತ್ತು. ವ್ಯಾಪಾರ ನಡೀತಿತ್ತು, ಕೋಟೆ ಇತ್ತು. ಆದರೆ ಆ ಊರಿನ ತಮಿಳರಿಗೆ ಯೇಸುವಿನ ಬಗ್ಗೆ ಹೇಳಬೇಕೆಂದು ಎಂಬತ್ತು ವರ್ಷ ಯಾವ ಅರಸನಿಗೂ ಭಾರ ಬರಲಿಲ್ಲ. ಭಾರ ಬಂದದ್ದು ಫ್ರೆಡರಿಕ್‌ಗೆ! ಅರಮನೆಯ ಬೋಧಕ ಲುಟ್ಕೆನ್ಸ್ ಮೂಲಕ ಜರ್ಮನಿಯಿಂದ ಇಬ್ಬರು ಯೌವನಸ್ಥರನ್ನು ಹುಡುಕಿಸಿದ, ಸೀಗೆನ್‌ಬಾಲ್ಗ್ ಮತ್ತು ಪ್ಲುಟ್ಶೌ. 1706 ಜುಲೈ 9ರಂದು ಅವರು ತರಂಗಂಬಾಡಿ ತಲುಪಿದರು. ಅಲ್ಲಿನ ಡೇನಿಷ್ ಅಧಿಕಾರಿ ಅವರನ್ನು ಸಹಿಸಲಿಲ್ಲ. 1708ರಲ್ಲಿ ಸೀಗೆನ್‌ಬಾಲ್ಗರನ್ನು ಸುಮಾರು ನಾಲ್ಕು ತಿಂಗಳು ಸೆರೆಯಲ್ಲಿಟ್ಟ. ಆದರೂ ಅರಸ ಕೈಬಿಡಲಿಲ್ಲ. 1714ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಿಷನ್ ನೋಡಿಕೊಳ್ಳೋಕೆ ಒಂದು ಮಂಡಳಿಯನ್ನೇ ಮಾಡಿದ. 1715ರ ಹೊತ್ತಿಗೆ ಹೊಸ ಒಡಂಬಡಿಕೆ ತಮಿಳಿನಲ್ಲಿ ಅಚ್ಚಾಯಿತು. ದೇವರಿಗೆ ಸ್ತೋತ್ರ!

ಈಗ ಅರಮನೆಯೊಳಗೆ ಹೋಗೋಣ. 1703ರಲ್ಲಿ, ಲೂಯಿಸ ಇನ್ನೂ ಬದುಕಿರುವಾಗಲೇ, ಎಲಿಸಬೆತ್ ಎಂಬ ಇನ್ನೊಬ್ಬಳನ್ನು ಅರಸ ಎಡಗೈ ಮದುವೆಯಾದ. ಅಂದರೆ ಹೆಂಡತಿ ಹೌದು, ಆದರೆ ರಾಣಿಯಲ್ಲ, ಮಕ್ಕಳಿಗೆ ಸಿಂಹಾಸನದ ಹಕ್ಕಿಲ್ಲ. ಆಕೆ 1704ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. 1711ರಲ್ಲಿ ಕೋಪನ್‌ಹೇಗನ್‌ಗೆ ಪ್ಲೇಗ್ ಬಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಗೋಳಿನ ಮರುವರ್ಷವೇ, 40 ವರ್ಷದ ಅರಸ ಕ್ಲಾಸ್‌ಹೋಮ್ ಎಂಬ ಬಂಗಲೆಯಿಂದ 19 ವರ್ಷದ ಅನ್ನಾ ಸೋಫಿಯನ್ನು, ತಾಯಿ ಬೇಡವೆಂದರೂ, ಎತ್ತಿಕೊಂಡು ಹೋದ. ಮತ್ತೆ ಎಡಗೈ ಮದುವೆ.

ಲೂಯಿಸ ಯಾರ ಹತ್ತಿರ ಹೋಗಬೇಕಿತ್ತು, ಹೇಳಿ? ಯಾವ ಕೋರ್ಟು? ಗಂಡನೇ ಕಾನೂನಿಗಿಂತ ಮೇಲೆ. ಅವಳು ಹೆತ್ತ ಐದು ಮಕ್ಕಳಲ್ಲಿ ಮೂವರು ಮಣ್ಣಿಗೆ ಹೋಗಿದ್ದರು. ಒಂಬತ್ತು ವರ್ಷ ಹಾಗೇ ಸಹಿಸಿಕೊಂಡು 1721 ಮಾರ್ಚ್ 15ರಂದು ತೀರಿಕೊಂಡಳು. ಏಪ್ರಿಲ್ 4ಕ್ಕೆ, ಮೂರು ವಾರ ಕೂಡ ತುಂಬಿರಲಿಲ್ಲ, ಅರಸ ಅನ್ನಾ ಸೋಫಿಯನ್ನು ಬಹಿರಂಗವಾಗಿ ಮದುವೆಯಾಗಿ ರಾಣಿ ಮಾಡಿದ. ಮುಂದಿನ ತಿಂಗಳೇ, ಮೇ 3ಕ್ಕೆ, ಅದೇ ಅರಸನ ಬೆಂಬಲದಿಂದ ಹಾನ್ಸ್ ಎಗೆಡೆ ಎಂಬ ದೇವಸೇವಕರು ಹೆಂಡತಿ ಮಕ್ಕಳೊಂದಿಗೆ ನಾರ್ವೆಯಿಂದ ಹಡಗು ಹತ್ತಿ ಗ್ರೀನ್‌ಲ್ಯಾಂಡಿನ ಹಿಮದ ಜನರಿಗೆ ಸುವಾರ್ತೆ ಸಾರಲು ಹೊರಟರು.

ಏಪ್ರಿಲ್‌ನಲ್ಲಿ ಆ ಮದುವೆ, ಮೇ ತಿಂಗಳಲ್ಲಿ ಈ ಹಡಗು. ಎರಡೂ ನಿಜ, ಪ್ರಿಯರೇ. ನಮ್ಮ ಸಭೆಗಳಲ್ಲಿ ಏನಾಗುತ್ತೆ ಗೊತ್ತಾ? ಸೇವೆ ದೊಡ್ಡದಾಗಿದ್ದರೆ ಮನೆಯೊಳಗಿನ ಅಳು ನಮಗೆ ಕೇಳಿಸೋದಿಲ್ಲ. ಅಭಿಷೇಕ ಇದೆಯಲ್ಲ, ಆತ್ಮಗಳು ಬರ್ತಾ ಇದ್ದಾವಲ್ಲ, ಸುಮ್ಮನಿರಮ್ಮ ಅಂತ ಆ ಸಹೋದರಿಗೇ ಬುದ್ಧಿ ಹೇಳ್ತೀವಿ. ದಾವೀದನ ಹತ್ತಿರ ದೇವರು ನಾತಾನನನ್ನು ಕಳುಹಿಸಿದಾಗ ದಾವೀದನು ಗೆದ್ದ ಯುದ್ಧಗಳ ಪಟ್ಟಿ ಓದಿಸಲಿಲ್ಲ. ಒಂದು ಕುರಿಮರಿಯ ವಿಷಯ ಮಾತಾಡಿಸಿದನು. ಹಾಗಂತ ಅರಸನ ಪಾಪಕ್ಕಾಗಿ ತರಂಗಂಬಾಡಿಯ ಸುವಾರ್ತೆ ಸುಳ್ಳಾಯಿತೇ? ಇಲ್ಲ. ವಾಕ್ಯ ಅವನದಲ್ಲ, ಕರ್ತನದು.

ಅನ್ನಾ ಸೋಫಿ ಹೆತ್ತ ಆರು ಮಕ್ಕಳೂ ಶೈಶವದಲ್ಲೇ ಸತ್ತವು. ಇದು ಶಾಪ ಅಂತ ಹೇಳೋಕೆ ನಾನು ಬಾಯಿ ತೆರೆಯೋದಿಲ್ಲ, ಆ ಕೂಸುಗಳು ಯಾವ ಪಾಪ ಮಾಡಿದ್ದವು? 1728ರಲ್ಲಿ ಕೋಪನ್‌ಹೇಗನ್‌ಗೆ ಬೆಂಕಿ ಬಿದ್ದು ಪಟ್ಟಣದ ದೊಡ್ಡ ಭಾಗ, ವಿಶ್ವವಿದ್ಯಾಲಯದ ಗ್ರಂಥಾಲಯ ಎಲ್ಲಾ ಸುಟ್ಟುಹೋಯಿತು. ಕೊನೆಯ ವರ್ಷಗಳಲ್ಲಿ ಆರೋಗ್ಯ ಕೆಟ್ಟು, ದುಃಖದಿಂದ ಕುಗ್ಗಿ, ಅರಸ ಭಕ್ತಿಯ ಕಡೆಗೆ ತಿರುಗಿದ. ಕೀರ್ತನೆ 51 ದಾವೀದನ ಬಾಯಲ್ಲಿ ಬಂದಾಗ ಊರೀಯ ಬದುಕಿರಲಿಲ್ಲ. ಫ್ರೆಡರಿಕ್ ಮೊಣಕಾಲೂರಿದಾಗ ಲೂಯಿಸಳೂ ಇರಲಿಲ್ಲ.

59 ತುಂಬಿದ ಮರುದಿನ, 1730 ಅಕ್ಟೋಬರ್ 12ರಂದು, ಓಡೆನ್ಸ ಪಟ್ಟಣದಲ್ಲಿ ಅವನು ತೀರಿಕೊಂಡ. ಲೂಯಿಸಳ ಮಗ ಅರಸನಾಗಿ ಅನ್ನಾ ಸೋಫಿಯನ್ನು ಕ್ಲಾಸ್‌ಹೋಮ್‌ಗೇ ವಾಪಸ್ ಕಳುಹಿಸಿಬಿಟ್ಟ. ಲೂಯಿಸ ಮತ್ತು ಫ್ರೆಡರಿಕ್, ಇಬ್ಬರ ಸಮಾಧಿಯೂ ರೋಸ್ಕಿಲ್ಡೆಯ ಒಂದೇ ದೇವಾಲಯದಲ್ಲಿದೆ. ತರಂಗಂಬಾಡಿಗೆ ಹೋದರೆ 1718ರ ಹೊಸ ಯೆರೂಸಲೇಮ್ ಚರ್ಚಿನ ಮುಂಭಾಗದಲ್ಲಿ ಈ ಅರಸನ ಕಿರೀಟದ ಗುರುತು ಈಗಲೂ ಕಾಣುತ್ತೆ, ಒಳಗೆ ಸೀಗೆನ್‌ಬಾಲ್ಗರ ಸಮಾಧಿ.

ಎಲ್ಲರೂ ಎದ್ದು ನಿಲ್ಲೋಣ. ಇವತ್ತೊಂದು ದಿನ ಗಂಡಸರು ಆ ಕಡೆ ಹೆಂಗಸರು ಈ ಕಡೆ ಬೇಡ. ಗಂಡ ಹೆಂಡತಿ ಒಟ್ಟಿಗೆ ಬಂದಿರುವವರು ಪಕ್ಕಪಕ್ಕ ಬಂದು ನಿಲ್ಲಿ. ಒಂಟಿಯಾಗಿ ಬಂದಿರುವ ಸಹೋದರಿಯರ ಹತ್ತಿರ ನಮ್ಮ ತಾಯಂದಿರು ಹೋಗಿ ನಿಲ್ಲಲಿ. ಪ್ರಾರ್ಥಿಸೋಣ.