ಸ್ಪ್ರಿಂಗ್ ಗಡುಸಾದಷ್ಟೂ ಕಾರಿನ ಹಿಡಿತ ಹೆಚ್ಚುತ್ತದೆಯೇ? ಲೋಟಸ್ ಕಟ್ಟಿದ ಕಾಲಿನ್ ಚಾಪ್‌ಮನ್ ಬದುಕಿನಲ್ಲಿದೆ ಉತ್ತರ

ಹಳೆಯ ಕಾರಿನ ಸ್ಪ್ರಿಂಗನ್ನು ಒಂದೆರಡು ಸುತ್ತು ಕತ್ತರಿಸಿ, ಗಾಡಿಯನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ತಿರುವಿನಲ್ಲಿ ಜೋರಾಗಿ ಓಡಿಸುವ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರಬಹುದು. ಅವುಗಳ ಜೊತೆ ಸಾಮಾನ್ಯವಾಗಿ ಒಂದು ಮಾತೂ ಬರುತ್ತದೆ: ರೇಸ್ ಕಾರಿನ ಸಸ್ಪೆನ್ಷನ್ ಗಡುಸಾಗಿರುತ್ತದೆ, ಆದ್ದರಿಂದ ನಿಮ್ಮ ಕಾರಿನದೂ ಗಡುಸಾದಷ್ಟು ಒಳ್ಳೆಯದು ಎಂಬುದು.

ಇದು ನಿಜವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಒಬ್ಬ ಮನುಷ್ಯನ ಬದುಕನ್ನು ನೋಡಿದರೆ ಸಾಕು. ಅವರು ಹಳೆಯ ಕಾರಿನ ಆಕ್ಸಲ್ ಕತ್ತರಿಸಿಯೇ ಕೆಲಸ ಶುರು ಮಾಡಿದವರು, ಮುಂದೆ ಫಾರ್ಮುಲಾ ಒನ್ ರೇಸಿನಲ್ಲಿ 7 ಬಾರಿ ತಯಾರಕರ ವಿಶ್ವ ಪ್ರಶಸ್ತಿ ಗೆದ್ದವರು. ಹೆಸರು ಕಾಲಿನ್ ಚಾಪ್‌ಮನ್. ಅವರು ಕಟ್ಟಿದ ಕಂಪನಿ ಲೋಟಸ್, ಅಂದರೆ ಕಮಲ. ಆ ಹೆಸರನ್ನು ಯಾಕೆ ಇಟ್ಟರು ಎಂಬುದನ್ನು ಅವರು ಬಹಿರಂಗವಾಗಿ ಹೇಳಲೇ ಇಲ್ಲ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ ನಮ್ಮ ಕಮಲಾಪುರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಆ ರಸ್ತೆಗೂ ಚಾಪ್‌ಮನ್ ಕಲಿಸಿದ ಪಾಠಕ್ಕೂ ಸಂಬಂಧವಿದೆ. ಅದನ್ನು ಕೊನೆಯಲ್ಲಿ ನೋಡೋಣ.

ರೈಲ್ವೆ ಹೋಟೆಲಿನ ಹಿಂದಿನ ಕುದುರೆ ಲಾಯ

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಇಂಗ್ಲೆಂಡಿನ ರಿಚ್‌ಮಂಡ್‌ನಲ್ಲಿ. ತಂದೆ ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ ರೈಲ್ವೆ ಹೋಟೆಲ್ ನಡೆಸುತ್ತಿದ್ದರು. ನಮ್ಮ ಸ್ಟೇಶನ್ ಬಜಾರದಂತೆಯೇ ರೈಲು ನಿಲ್ದಾಣದ ಆಸುಪಾಸಿನ ವ್ಯಾಪಾರದ ಜಾಗ. ಆ ಹೋಟೆಲಿನ ಹಿಂದೆ ಇದ್ದ ಹಳೆಯ ಕುದುರೆ ಲಾಯವೇ ಮುಂದೆ ಲೋಟಸ್ ಕಂಪನಿಯ ಮೊದಲ ಕಾರ್ಖಾನೆಯಾಯಿತು.

ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಅವರು ಓದಿದ್ದು ಕಟ್ಟಡ, ಸೇತುವೆಗಳ ರಚನೆಗೆ ಸಂಬಂಧಿಸಿದ ಸ್ಟ್ರಕ್ಚರಲ್ ಎಂಜಿನಿಯರಿಂಗ್. ಅಲ್ಲಿದ್ದಾಗಲೇ ವಿಮಾನ ಹಾರಿಸುವುದನ್ನೂ ಕಲಿತರು. ಎಷ್ಟು ಕಡಿಮೆ ಲೋಹದಲ್ಲಿ ಎಷ್ಟು ಭಾರ ಹೊರಿಸಬಹುದು ಎಂಬ ಲೆಕ್ಕ ಅವರ ತಲೆಗೆ ಹತ್ತಿದ್ದು ಹೀಗೆ. ಓದಿನ ಜೊತೆಗೆ ಗೆಳೆಯನೊಬ್ಬನ ಸಂಗಡ ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರವನ್ನೂ ಮಾಡುತ್ತಿದ್ದರು. 1947ರಲ್ಲಿ ಬ್ರಿಟನ್ ಸರ್ಕಾರ ಜನಸಾಮಾನ್ಯರಿಗೆ ಕೊಡುತ್ತಿದ್ದ ಪೆಟ್ರೋಲ್ ಪಡಿತರವನ್ನು ನಿಲ್ಲಿಸಿತು. ಕಾರು ಕೊಳ್ಳುವವರೇ ಇಲ್ಲದಂತಾಯಿತು. ಬಂದ ಬೆಲೆಗೆ ಎಲ್ಲವನ್ನೂ ಮಾರಿದ ಮೇಲೆ ಉಳಿದದ್ದು ಒಂದು ಹಳೆಯ ಆಸ್ಟಿನ್ ಸೆವೆನ್.

ಆ ಕಾರನ್ನು ಚಾಪ್‌ಮನ್ ಎಸೆಯಲಿಲ್ಲ. ಮುಂದೆ ತಮ್ಮ ಹೆಂಡತಿಯಾದ ಹೇಝಲ್ ವಿಲಿಯಮ್ಸ್ ಅವರ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ, ಪ್ಲೈವುಡ್‌ನಿಂದ ಹಗುರವಾದ ಹೊಸ ಬಾಡಿ ಕಟ್ಟಿದರು. 1948ರ ಆ ಕಾರೇ ಮೊದಲ ಲೋಟಸ್. ಕೆಸರು ತುಂಬಿದ ಗುಡ್ಡಗಳನ್ನು ಹತ್ತುವ ಸ್ಪರ್ಧೆಗಳಲ್ಲಿ ಅದು ಓಡಿತು.

ಆಕ್ಸಲ್ ಕತ್ತರಿಸಿದ್ದು ಯಾಕೆ?

ಆಗಿನ ಅಗ್ಗದ ಕಾರುಗಳಲ್ಲಿ ಮುಂದಿನ ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಸಲಾಕೆ ಜೋಡಿಸುತ್ತಿತ್ತು. ಎಡ ಚಕ್ರ ಕಲ್ಲು ಹತ್ತಿದರೆ ಬಲ ಚಕ್ರವೂ ವಾಲುತ್ತಿತ್ತು. ಎತ್ತಿನ ಗಾಡಿಯ ಒಂದು ಗಾಲಿ ಗುಂಡಿಗೆ ಇಳಿದರೆ ಇಡೀ ಅಚ್ಚು ಓರೆಯಾಗುವ ಹಾಗೆ. ಆರಂಭದ ಲೋಟಸ್ ಕಾರುಗಳಲ್ಲಿ ಫೋರ್ಡ್ ಕಾರಿನ ಈ ಸಲಾಕೆಯನ್ನು ನಡುವೆ ಕತ್ತರಿಸಿ, ಎರಡೂ ತುಂಡುಗಳು ಬೇರೆ ಬೇರೆಯಾಗಿ ಆಡುವಂತೆ ಕೀಲು ಕೂರಿಸಲಾಯಿತು. ಒಂದು ಚಕ್ರದ ಪೆಟ್ಟು ಇನ್ನೊಂದಕ್ಕೆ ದಾಟುವುದು ಕಡಿಮೆಯಾಯಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಹಳೆಯ ಕಾರಿನ ಸಸ್ಪೆನ್ಷನ್ ಅಪ್‌ಗ್ರೇಡ್.

ಆದರೆ ಒಂದು ವಿಷಯ ಗಮನಿಸಿ. ಚಾಪ್‌ಮನ್ ಇಲ್ಲಿ ಚಕ್ರವನ್ನು ಬಿಗಿಯಲಿಲ್ಲ. ಅದಕ್ಕೆ ಸ್ವಾತಂತ್ರ್ಯ ಕೊಟ್ಟರು.

1952ರ ಜನವರಿ 1ರಂದು ಲೋಟಸ್ ಎಂಜಿನಿಯರಿಂಗ್ ಕಂಪನಿ ಶುರುವಾಯಿತು. ಹೇಝಲ್ ಕೊಟ್ಟ 25 ಪೌಂಡ್ ಸಾಲವೇ ಬಂಡವಾಳ ಎನ್ನುತ್ತಾರೆ. ಬಿಡಿಭಾಗಗಳ ಕಿಟ್ ರೂಪದಲ್ಲಿ ಕಾರು ಮಾರಿದರೆ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. ಹೀಗಾಗಿ ಗಿರಾಕಿಗಳು ಲೋಟಸ್ ಮಾರ್ಕ್ 6 ಕಾರನ್ನು ಮನೆಯಲ್ಲೇ ಜೋಡಿಸಿಕೊಂಡರು.

ಮೆದು ಸ್ಪ್ರಿಂಗ್, ಬಿಗಿ ಡ್ಯಾಂಪರ್

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಸಸ್ಪೆನ್ಷನ್‌ನಲ್ಲಿ ಎರಡು ಮುಖ್ಯ ಭಾಗಗಳಿವೆ. ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ, ಗುಂಡಿ ಬಂದಾಗ ಕುಗ್ಗಿ ಚಕ್ರಕ್ಕೆ ಜಾಗ ಕೊಡುತ್ತದೆ. ಆದರೆ ಕುಗ್ಗಿದ ಸ್ಪ್ರಿಂಗ್ ಮತ್ತೆ ಹಿಗ್ಗಿ, ಮತ್ತೆ ಕುಗ್ಗಿ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಅಡಗಿಸುವುದು ಡ್ಯಾಂಪರ್, ಅಂದರೆ ಗ್ಯಾರೇಜಿನವರು ಶಾಕಪ್ ಎನ್ನುವ ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾಯುವಾಗ ಕುಣಿತದ ಶಕ್ತಿ ಬಿಸಿಯಾಗಿ ಹೊರಗೆ ಹೋಗುತ್ತದೆ.

ಹಿಡಿತ ಸಿಗುವುದು ಟೈರು ನೆಲಕ್ಕೆ ಒತ್ತಿಕೊಂಡಿದ್ದಾಗ ಮಾತ್ರ. ಸ್ಪ್ರಿಂಗ್ ತೀರಾ ಗಡುಸಾದರೆ ಉಬ್ಬು ಬಂದಾಗ ಚಕ್ರ ಮಡಚಿಕೊಳ್ಳುವ ಬದಲು ಕಾರನ್ನೇ ಎತ್ತುತ್ತದೆ, ನಂತರ ನೆಲ ಬಿಟ್ಟು ಹಾರುತ್ತದೆ. ಗಾಳಿಯಲ್ಲಿರುವ ಟೈರಿಗೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ.

ಚಾಪ್‌ಮನ್ ಹಿಡಿದ ದಾರಿ ಇದಕ್ಕೆ ತಕ್ಕದ್ದಾಗಿತ್ತು. ಕಾರಿನ ಚೌಕಟ್ಟು ಗಟ್ಟಿಯಾಗಿರಬೇಕು, ಸ್ಪ್ರಿಂಗ್ ಮೆದುವಾಗಿರಬೇಕು, ಡ್ಯಾಂಪರ್ ಸರಿಯಾಗಿ ಹೊಂದಿಸಿರಬೇಕು, ಎಲ್ಲಕ್ಕಿಂತ ಮೊದಲು ಕಾರು ಹಗುರವಾಗಿರಬೇಕು. 1957ರಲ್ಲಿ ಲೋಟಸ್ 12 ರೇಸ್ ಕಾರಿನ ಹಿಂದಿನ ಚಕ್ರಗಳಿಗೆ ಅವರು ಹೊಸ ಬಗೆಯ ಸಸ್ಪೆನ್ಷನ್ ಅಳವಡಿಸಿದರು. ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟನ್ನೇ ಚಕ್ರವನ್ನು ಹಿಡಿದಿಡುವ ತೋಳಾಗಿಯೂ ಬಳಸಿ, ಒಂದು ಬಿಡಿಭಾಗವನ್ನೇ ಉಳಿಸಿದರು. ಇದಕ್ಕೆ ಚಾಪ್‌ಮನ್ ಸ್ಟ್ರಟ್ ಎಂದು ಹೆಸರು. ಇದರ ಹತ್ತಿರದ ಸಂಬಂಧಿಯಾದ ಮ್ಯಾಕ್‌ಫರ್ಸನ್ ಸ್ಟ್ರಟ್ ನಿಮಗೂ ಪರಿಚಿತ: ಮಾರುತಿ 800ರ ಮುಂದಿನ ಚಕ್ರಗಳಲ್ಲಿ ಇದ್ದದ್ದು ಅದೇ.

ಅದೇ 1957ರಲ್ಲಿ ಪ್ರದರ್ಶನಕ್ಕೆ ಬಂದ ಲೋಟಸ್ ಎಲೀಟ್ ಕಾರಿನ ಬಾಡಿ ಮತ್ತು ಚೌಕಟ್ಟು ಎರಡೂ ಒಂದೇ ಆಗಿ ಫೈಬರ್ ಗ್ಲಾಸ್‌ನಿಂದ ಮಾಡಿದ್ದು. (ಫೈಬರ್ ಬಾಡಿಯ ಕಾರು ನಮ್ಮ ರಾಜ್ಯದಲ್ಲೂ ತಯಾರಾಗಿದೆ: ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ತಂದ ಡಾಲ್ಫಿನ್.) 1962ರ ಲೋಟಸ್ ಎಲಾನ್ ಇನ್ನೂ ಹೆಸರಾಯಿತು. ಮೆದು ಸ್ಪ್ರಿಂಗಿನ ಈ ಪುಟ್ಟ ಸ್ಪೋರ್ಟ್ಸ್ ಕಾರನ್ನು ತಿರುವಿನಲ್ಲಿನ ಹಿಡಿತಕ್ಕಾಗಿ ಇಂದಿಗೂ ಮಾದರಿಯೆಂದು ತೋರಿಸುತ್ತಾರೆ.

ಗೆಲುವಿನ ಜೊತೆಗೆ ಸಾವು

ರೇಸಿನಲ್ಲಿ ಲೋಟಸ್‌ಗೆ ಸಾಲು ಸಾಲು ಗೆಲುವು ಬಂತು. ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ವಿಶ್ವ ಚಾಂಪಿಯನ್ ಆದರು. ಅವರ 25 ಫಾರ್ಮುಲಾ ಒನ್ ಗೆಲುವುಗಳೂ ಲೋಟಸ್ ಕಾರಿನಲ್ಲೇ ಬಂದವು.

ಆದರೆ ತೂಕ ಇಳಿಸುವ ಹಟಕ್ಕೆ ಬೆಲೆಯೂ ಇತ್ತು. ಲೋಟಸ್ ಕಾರುಗಳು ಬೇಗ ಮುರಿಯುತ್ತವೆ ಎಂಬ ಮಾತು ಚಾಲಕರಲ್ಲಿ ಹರಡಿತ್ತು. 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಕ್ಲಾರ್ಕ್ ತೀರಿಕೊಂಡರು. ಟೈರಿನ ಗಾಳಿ ಹೋದದ್ದೇ ಕಾರಣ ಎಂಬುದು ಹೆಚ್ಚಿನವರ ಅಭಿಪ್ರಾಯ. ಮರುವರ್ಷ ಸ್ಪೇನ್ ರೇಸಿನಲ್ಲಿ ಇನ್ನೊಂದು ಅನಾಹುತವಾಯಿತು. ಆಗ ಲೋಟಸ್ ಕಾರುಗಳಿಗೆ ಎತ್ತರದ ರೆಕ್ಕೆಗಳನ್ನು ತೆಳ್ಳನೆಯ ಕಂಬಗಳ ಮೇಲೆ ನೇರವಾಗಿ ಸಸ್ಪೆನ್ಷನ್‌ಗೇ ಕೂರಿಸಿದ್ದರು. ಒಂದೇ ರೇಸಿನಲ್ಲಿ ಗ್ರಹಾಂ ಹಿಲ್ ಮತ್ತು ಯೋಖೆನ್ ರಿಂಟ್ ಇಬ್ಬರ ರೆಕ್ಕೆಗಳೂ ಮುರಿದು, ಇಬ್ಬರ ಕಾರುಗಳೂ ಅಪ್ಪಳಿಸಿದವು. ಗಾಯಗೊಂಡ ರಿಂಟ್, ಕಾರಿನ ಭಾಗಗಳನ್ನು ಇನ್ನಷ್ಟು ಗಟ್ಟಿ ಮಾಡುವಂತೆ ಚಾಪ್‌ಮನ್‌ಗೆ ಪತ್ರ ಬರೆದರು.

1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊಂಝಾದಲ್ಲಿ ರಿಂಟ್ ಸತ್ತರು. ಮುಂದಿನ ಚಕ್ರದ ಬ್ರೇಕ್ ಶಾಫ್ಟ್ ಮುರಿದು ಕಾರು ತಡೆಗೋಡೆಗೆ ನುಗ್ಗಿತ್ತು. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಅವರಿಗೆ ಮರಣಾನಂತರ ಸಂದಿತು.

ಹಳೆಯ ಕಾರನ್ನು ಮಾರ್ಪಡಿಸುವವರು ನೆನಪಿಡಬೇಕಾದ ಮಾತು ಇದು. ಜಗತ್ತಿನ ಅತ್ಯುತ್ತಮ ಎಂಜಿನಿಯರುಗಳಿದ್ದ ತಂಡದಲ್ಲೂ ಒಂದು ಭಾಗದ ಲೆಕ್ಕ ತಪ್ಪಿದಾಗ ಜೀವ ಹೋಗಿದೆ.

ಹಾಗಾದರೆ ರೇಸ್ ಕಾರು ಗಡುಸಾಗಿರುವುದು ಯಾಕೆ?

ಫಾರ್ವರ್ಡ್‌ನ ಅರ್ಧ ಸತ್ಯ ಇಲ್ಲಿದೆ. 1977 ಮತ್ತು 1978ರಲ್ಲಿ ಲೋಟಸ್ 78, 79 ಕಾರುಗಳು ಹೊಸ ದಾರಿ ತೆರೆದವು. ಕಾರಿನ ಅಡಿಭಾಗವನ್ನೇ ತಲೆಕೆಳಗಾದ ರೆಕ್ಕೆಯಂತೆ ರೂಪಿಸಿ, ಅಡಿಯಲ್ಲಿ ಹಾಯುವ ಗಾಳಿಯಿಂದ ಕಾರನ್ನು ನೆಲಕ್ಕೆ ಸೆಳೆಯುವಂತೆ ಮಾಡಿದರು. 1978ರಲ್ಲಿ ಮಾರಿಯೊ ಆಂಡ್ರೆಟ್ಟಿ ಚಾಂಪಿಯನ್ ಆದರು.

ಈ ಸೆಳೆತ ಉಳಿಯಬೇಕಾದರೆ ಕಾರು ಮತ್ತು ನೆಲದ ನಡುವಿನ ಅಂತರ ಬದಲಾಗಬಾರದು. ಅದಕ್ಕಾಗಿ ಸ್ಪ್ರಿಂಗುಗಳನ್ನು ಕಲ್ಲಿನಂತೆ ಗಡುಸು ಮಾಡಬೇಕಾಯಿತು. ಅಂದರೆ ಅಲ್ಲಿನ ಗಡುಸುತನ ಗಾಳಿಯ ಒತ್ತಡಕ್ಕಾಗಿ, ಅದೂ ನುಣುಪಾದ ಟ್ರ್ಯಾಕಿನಲ್ಲಿ. ಊರ ರಸ್ತೆಯ ಕಾರಿಗೆ ಆ ಕಾರಣವೇ ಅನ್ವಯಿಸುವುದಿಲ್ಲ.

ಚಾಲಕರಿಗೆ ಇದು ಮೈಮೂಳೆ ಮುರಿಯುವ ಸವಾರಿಯಾಗಿತ್ತು. ಚಾಪ್‌ಮನ್ ಇದಕ್ಕೂ ಉಪಾಯ ಹುಡುಕಿದರು. 1981ರ ಲೋಟಸ್ 88ರಲ್ಲಿ ಎರಡು ಚೌಕಟ್ಟುಗಳಿದ್ದವು. ಹೊರಗಿನದು ಗಾಳಿಯ ಒತ್ತಡ ಹೊರಲು ಗಡುಸು, ಒಳಗಿನದು ಚಾಲಕನಿಗಾಗಿ ಮೆದು. ಎದುರಾಳಿ ತಂಡಗಳು ತಕರಾರು ಎತ್ತಿದವು. ಆ ಕಾರು ಒಂದೂ ರೇಸ್ ಓಡದೆ ನಿಷೇಧಕ್ಕೆ ಒಳಗಾಯಿತು.

ಕೊನೆಯ ದಿನ ಮತ್ತು ಒಂದು ಗಾಳಿಸುದ್ದಿ

ಮುಂದಿನ ಹೆಜ್ಜೆ ಆ್ಯಕ್ಟಿವ್ ಸಸ್ಪೆನ್ಷನ್. ಸ್ಪ್ರಿಂಗಿನ ಕೆಲಸವನ್ನು ಕಂಪ್ಯೂಟರ್ ಹೇಳಿದಂತೆ ಕೇಳುವ ಹೈಡ್ರಾಲಿಕ್ ಯಂತ್ರಕ್ಕೆ ಒಪ್ಪಿಸುವ ತಂತ್ರ ಇದು. ಇದನ್ನು ಅಳವಡಿಸಿದ ಲೋಟಸ್ ರೇಸ್ ಕಾರಿನ ಪರೀಕ್ಷೆ 1982ರ ಡಿಸೆಂಬರ್ 16ರಂದು ಸ್ನೆಟರ್ಟನ್ ಟ್ರ್ಯಾಕಿನಲ್ಲಿ ನಡೆಯಿತು. ಅದೇ ದಿನ ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 54. ಐದು ವರ್ಷಗಳ ನಂತರ, 1987ರಲ್ಲಿ, ಅದೇ ತಂತ್ರದ ಲೋಟಸ್ ಕಾರಿನಲ್ಲಿ ಅಯರ್ಟನ್ ಸೆನ್ನಾ ಮೊನಾಕೊ ರೇಸ್ ಗೆದ್ದರು.

ಸಾವಿನ ಹೊತ್ತಿಗೆ ಅವರ ಮೇಲೆ ದೊಡ್ಡ ಅನುಮಾನವೂ ಇತ್ತು. ಡಿಲೋರಿಯನ್ ಕಾರನ್ನು ರೂಪಿಸಿಕೊಡುವ ಕೆಲಸ ಲೋಟಸ್‌ಗೆ ಸಿಕ್ಕಿತ್ತು. ಅದರಲ್ಲಿ ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ಹಣ ಬೇರೆಡೆಗೆ ಹರಿದುಹೋಗಿತ್ತು. 1992ರಲ್ಲಿ ಲೋಟಸ್‌ನ ಹಣಕಾಸು ಮುಖ್ಯಸ್ಥರಾಗಿದ್ದ ಫ್ರೆಡ್ ಬುಶೆಲ್‌ಗೆ ಜೈಲು ಶಿಕ್ಷೆಯಾಯಿತು. ಚಾಪ್‌ಮನ್ ಬದುಕಿದ್ದರೆ ಅವರಿಗೂ ದೀರ್ಘ ಶಿಕ್ಷೆ ಖಚಿತವಿತ್ತು ಎಂದು ನ್ಯಾಯಾಧೀಶರು ಹೇಳಿದರು.

ಇದರಿಂದಲೇ ಒಂದು ಗಾಳಿಸುದ್ದಿ ಹುಟ್ಟಿತು: ಚಾಪ್‌ಮನ್ ಸತ್ತೇ ಇಲ್ಲ, ಸಾವಿನ ನಾಟಕವಾಡಿ ಬ್ರೆಜಿಲ್‌ಗೆ ಓಡಿಹೋದರು ಎಂದು. ಇದಕ್ಕೆ ಯಾವ ಪುರಾವೆಯೂ ಸಿಕ್ಕಿಲ್ಲ. ಅವರ ಸಮಾಧಿ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಈಸ್ಟ್ ಕಾರ್ಲ್ಟನ್ ಊರಿನಲ್ಲಿದೆ.

ಹಾಗಾದರೆ ಹಳೆಯ ಕಾರಿಗೆ ಏನು ಮಾಡಬೇಕು?

ಕಲಬುರಗಿ ಸುತ್ತಲಿನ ಕಪ್ಪು ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ರಸ್ತೆ ಅಲೆಯಂತಾಗುವುದು ಸಹಜ. ಇಂಥ ರಸ್ತೆಯಲ್ಲಿ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಜಾಗ ಬೇಕು. ತಗ್ಗಿಸಿದ ಕಾರಿನಲ್ಲಿ ಇಲ್ಲದಿರುವುದು ಆ ಜಾಗವೇ.

ಸ್ಪ್ರಿಂಗ್ ಕತ್ತರಿಸುವ ಲೆಕ್ಕವನ್ನೂ ನೋಡಿ. 6 ಸುತ್ತಿನ ಸ್ಪ್ರಿಂಗಿನಲ್ಲಿ 1 ಸುತ್ತು ಕತ್ತರಿಸಿದರೆ ಅದು ಗಿಡ್ಡವಾಗುವುದಷ್ಟೇ ಅಲ್ಲ, ಸುಮಾರು ಶೇ 20ರಷ್ಟು ಗಡುಸೂ ಆಗುತ್ತದೆ. ಹಳೆಯ ಡ್ಯಾಂಪರ್ ಅದಕ್ಕೆ ಹೊಂದುವುದಿಲ್ಲ, ಕುಣಿತ ನಿಲ್ಲುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಗಿಡ್ಡ ಸ್ಪ್ರಿಂಗ್ ತನ್ನ ಜಾಗದಿಂದ ಸಡಿಲವಾಗಿ ಕಳಚಲೂಬಹುದು.

ಸರಿಯಾದ ಕ್ರಮ ಹೀಗಿದೆ. ಮೊದಲು ಟೈರು ಮತ್ತು ಅದರ ಗಾಳಿಯ ಒತ್ತಡ. ನಂತರ ಸವೆದ ರಬ್ಬರ್ ಬುಶ್, ಬಾಲ್ ಜಾಯಿಂಟ್. ಆಮೇಲೆ ಡ್ಯಾಂಪರ್: ಒಂದು ಆಕ್ಸಲಿನ ಎರಡೂ ಬದಿ ಒಟ್ಟಿಗೆ ಬದಲಿಸಿ. ಕೊನೆಗೆ ವೀಲ್ ಅಲೈನ್‌ಮೆಂಟ್. ಹಳೆಯ ಸ್ಪೋರ್ಟ್ಸ್ ಕಾರಿನ ಕೆಟ್ಟ ನಡೆಗೆ ಹೆಚ್ಚಾಗಿ ಕಾರಣ ಈ ಸವೆತವೇ. ಇಷ್ಟೆಲ್ಲ ಆದ ಮೇಲೂ ಸ್ಪ್ರಿಂಗ್ ಬದಲಿಸಲೇಬೇಕೆಂದರೆ ಅದೇ ಮಾಡೆಲಿಗೆ ತಯಾರಾದ, ಡ್ಯಾಂಪರ್ ಜೊತೆ ಹೊಂದುವ ಸ್ಪ್ರಿಂಗನ್ನೇ ಹಾಕಿಸಿ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ಕೈಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಒಂದೇ ನೋಟದಲ್ಲಿ

ಗಡುಸಾದಷ್ಟೂ ಹಿಡಿತ ಹೆಚ್ಚು: ಊರ ರಸ್ತೆಯ ಮಟ್ಟಿಗೆ ತಪ್ಪು.
ರೇಸ್ ಕಾರುಗಳು ಗಡುಸು: ಬಹುಮಟ್ಟಿಗೆ ನಿಜ, ಆದರೆ ಕಾರಣ ಬೇರೆ, ರಸ್ತೆಯೂ ಬೇರೆ.
ಸ್ಪ್ರಿಂಗ್ ಕತ್ತರಿಸುವುದು ಅಗ್ಗದ ಅಪ್‌ಗ್ರೇಡ್: ತಪ್ಪು, ಅಪಾಯಕಾರಿ.
ಚಾಪ್‌ಮನ್ ಬ್ರೆಜಿಲ್‌ಗೆ ಓಡಿಹೋದರು: ಪುರಾವೆಯಿಲ್ಲದ ಗಾಳಿಸುದ್ದಿ.

ಮುಂದಿನ ಸಲ ಸ್ಪ್ರಿಂಗ್ ಕತ್ತರಿಸುವ ವಿಡಿಯೊ ಗ್ರೂಪಿಗೆ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಇದನ್ನು ಕಳಿಸಿ. ಆ ಗ್ರೂಪಿನಲ್ಲಿ ಈಗಷ್ಟೇ ಹಳೆಯ ಕಾರು ಕೊಂಡ ತಮ್ಮನೊಬ್ಬ ಇರಬಹುದು.