ಕಲೂಗದ ಕಿವುಡ ಉಪಾಧ್ಯಾಯ

ಅಲಂಕಾರಶಾಸ್ತ್ರದ ಪಾಠ ಹೇಳುವ ನನ್ನಂಥವನು ರಾಕೆಟ್ಟಿನ ಗಣಿತವನ್ನು ಕುರಿತು ಬರೆಯಹೊರಡುವುದು ಸಾಹಸವೇ ಸರಿ. ಆದರೆ ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್‌ಸ್ಕಿಯೂ ವೃತ್ತಿಯಿಂದ ಬರಿಯ ಉಪಾಧ್ಯಾಯ. ಆ ನಂಟೇ ನನ್ನನ್ನು ಆತನ ಚರಿತ್ರೆಯತ್ತ ಎಳೆಯಿತು.

ಆತ ಹುಟ್ಟಿದ್ದು 1857ರಲ್ಲಿ, ರಷ್ಯದ ರಿಯಾಜಾನ್ ಪ್ರಾಂತದ ಒಂದು ಹಳ್ಳಿಯಲ್ಲಿ. ಹತ್ತರ ಎಳವೆಯಲ್ಲಿ ಸ್ಕಾರ್ಲೆಟ್ ಜ್ವರ ತಗುಲಿ ಕಿವಿ ಬಹುಮಟ್ಟಿಗೆ ಹೋಯಿತು; ಕ್ರಮೇಣ ಶಾಲೆಯೂ ತಪ್ಪಿತು. ಹದಿನಾರರ ಹುಡುಗ ಮಾಸ್ಕೋಗೆ ಹೋಗಿ, ಕರಿಯ ರೊಟ್ಟಿಯಲ್ಲಿ ಹೊಟ್ಟೆ ಹೊರೆದು, ತಂದೆ ಕಳುಹಿಸಿದ ಹಣವನ್ನು ಪುಸ್ತಕಕ್ಕೂ ಪ್ರಯೋಗಕ್ಕೂ ಸುರಿದು, ಗ್ರಂಥಾಲಯದಲ್ಲಿ ಕುಳಿತು ತನಗೆ ತಾನೇ ಗುರುವಾದ. ಮುಂದೆ ಬೊರೋವ್‌ಸ್ಕ್, 1892ರಿಂದ ಕಲೂಗ. ಸಣ್ಣ ಊರುಗಳಲ್ಲಿ ಅಂಕಗಣಿತ, ರೇಖಾಗಣಿತಗಳ ಪಾಠ.

1902ರಲ್ಲಿ ಮಗ ಇಗ್ನಾತಿ ಆತ್ಮಹತ್ಯೆ ಮಾಡಿಕೊಂಡ. ಮರುವರ್ಷವೇ ರಾಕೆಟ್ಟಿನಿಂದ ವಿಶ್ವಾಂತರಾಳವನ್ನು ಶೋಧಿಸುವ ಬಗೆಯನ್ನು ಕುರಿತ ಆತನ ಲೇಖನ ಅಚ್ಚಾಯಿತು. ಆ ಶೋಕವನ್ನೂ ಈ ಧೈರ್ಯವನ್ನೂ ಒಂದೇ ಎದೆ ಹೇಗೆ ಹೊತ್ತಿತೋ! ಲೇಖನದ ತಿರುಳು ಒಂದು ಸೂತ್ರ. ರಾಕೆಟ್ಟು ಗಳಿಸುವ ವೇಗವು ಅದು ಹಿಂದಕ್ಕೆ ಉಗುಳುವ ಅನಿಲದ ವೇಗವನ್ನೂ, ಇಂಧನ ತುಂಬಿದ ತೂಕಕ್ಕೂ ಬರಿದಾದ ತೂಕಕ್ಕೂ ಇರುವ ಪ್ರಮಾಣವನ್ನೂ ಅವಲಂಬಿಸಿದೆ. ಅನಿಲದ ವೇಗದ ಎರಡರಷ್ಟು ಬೇಕೆಂದರೆ ತುಂಬಿದ ರಾಕೆಟ್ಟು ಬರಿದರ ಏಳು ಪಟ್ಟಿಗೂ ಮಿಕ್ಕಿ ತೂಗಬೇಕು; ಮೂರರಷ್ಟಕ್ಕೆ ಇಪ್ಪತ್ತು ಪಟ್ಟು. ಆಸೆ ಕೂಡುತ್ತ ಹೋದರೆ ಹೊರೆ ಗುಣಿಸುತ್ತ ಹೋಗುತ್ತದೆ.

1908ರಲ್ಲಿ ಓಕಾ ನದಿಯ ನೆರೆ ಮನೆಗೆ ನುಗ್ಗಿ ಹಸ್ತಪ್ರತಿಗಳನ್ನು ಹಾಳುಮಾಡಿತು. ಆದರೂ 1911ರಲ್ಲಿ ಆತ ಇನ್ನೊಂದು ಹೆಜ್ಜೆ ಮುಂದಿಟ್ಟ: ವಿದ್ಯುತ್ತಿನಿಂದ ಕಣಗಳಿಗೆ ಅಪಾರ ವೇಗ ಕೊಟ್ಟು ಉಗುಳಿಸಬಹುದೆಂದು ಊಹಿಸಿದ. ವೇಗ ಹೆಚ್ಚಿದರೆ ಹೊರೆ ತಗ್ಗುತ್ತದೆಯಷ್ಟೆ. ಅಂಥ ಯಂತ್ರದ ನೂಕು ಬಲು ಮೆಲ್ಲನೆಯದು, ನೆಲದಿಂದೇಳಲು ಸಾಲದು. ಆದರೆ ಕಕ್ಷೆ ಸೇರಿದ ನೌಕೆಯನ್ನು ತಿಂಗಳುಗಟ್ಟಲೆ ಬಿಡದೆ ಮುಂದಕ್ಕೆ ನೂಕಿದರೆ ದಾರಿ ಸುರುಳಿ ಸುರುಳಿಯಾಗಿ ಹಿಗ್ಗುತ್ತದೆ. ವಿಚಿತ್ರವೆಂದರೆ, ನೂಕಿದಷ್ಟೂ ನೌಕೆಯ ವೇಗ ಕುಗ್ಗುತ್ತದೆ! ನೂಕಿನ ಫಲವೆಲ್ಲ ಗುರುತ್ವದ ವಿರುದ್ಧ ಮೇಲೇರುವುದರಲ್ಲಿ ವೆಚ್ಚವಾಗಿ, ವೇಗದಲ್ಲೂ ಒಂದು ಪಾಲನ್ನು ತೆರಬೇಕಾಗುತ್ತದೆ. ವಿರೋಧಾಭಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ತರಗತಿಯಲ್ಲಿ ಕೊಟ್ಟಿಲ್ಲ. 2007ರಲ್ಲಿ ಹೊರಟ ಅಮೆರಿಕದ ಡಾನ್ ನೌಕೆ, ಒಂದೆರಡು ಹಾಳೆ ಕಾಗದದ ಭಾರದಷ್ಟು ನೂಕಿನಿಂದಲೇ ಸಾಗಿ, 2011ರಲ್ಲಿ ವೆಸ್ಟಾದ, 2015ರಲ್ಲಿ ಸಿರಿಸ್‌ನ ಕಕ್ಷೆಯನ್ನು ಸೇರಿತು.

ಇದಾವುದನ್ನೂ ಆತ ಕಾಣಲಿಲ್ಲ. 1935ರ ಸೆಪ್ಟೆಂಬರ್ 19ರಂದು ಕಲೂಗದಲ್ಲಿಯೇ ತೀರಿಕೊಂಡ. ಮರುವರ್ಷ ಆತನ ಮನೆ ವಸ್ತುಸಂಗ್ರಹಾಲಯವಾಯಿತು. ಪರರ ಮಾತು ಕೇಳಲೆಂದು ಆತ ತಗಡಿನಿಂದ ತಾನೇ ಮಾಡಿಕೊಂಡ ಉದ್ದನೆಯ ಕಿವಿತುತ್ತೂರಿಗಳು ಅಲ್ಲಿವೆ.