ಕೆ. ಎಸ್. ಕೃಷ್ಣನ್

ಸರ್ ಕರಿಯಮಾಣಿಕ್ಕಂ ಶ್ರೀನಿವಾಸ ಕೃಷ್ಣನ್ (4 ಡಿಸೆಂಬರ್ 1898 – 14 ಜೂನ್ 1961) ಭಾರತದ ಪ್ರಸಿದ್ಧ ಭೌತವಿಜ್ಞಾನಿ. ರಾಮನ್ ಪರಿಣಾಮದ ಶೋಧನೆಯಲ್ಲಿ ಸಿ. ವಿ. ರಾಮನ್ ಅವರ ಸಹಸಂಶೋಧಕರೆಂದು ಇವರನ್ನು ಬಹಳ ಜನ ಬಲ್ಲರು. ಆದರೆ ಅವರು ಸ್ವತಂತ್ರವಾಗಿ ಮಾಡಿದ ದೊಡ್ಡ ಕೆಲಸವೆಂದರೆ ಸ್ಫಟಿಕಗಳ ಕಾಂತಗುಣದ ಅಧ್ಯಯನ. ಪದರಪದರವಾಗಿರುವ ಗ್ರಾಫೈಟಿನಲ್ಲಿ ಸಂಚರಿಸುವ ಎಲೆಕ್ಟ್ರಾನುಗಳು ಕಾಂತಗುಣಕ್ಕೆ ಹೇಗೆ ಕಾರಣವಾಗುತ್ತವೆಂಬುದನ್ನು ಮೊದಲೇ ಪರೀಕ್ಷಿಸಿದವರಲ್ಲಿ ಇವರೂ ಒಬ್ಬರು.

ಬಾಲ್ಯ ಮತ್ತು ಶಿಕ್ಷಣ

ಕೃಷ್ಣನ್ ಜನಿಸಿದ್ದು ಅಂದಿನ ಮದರಾಸು ಪ್ರಾಂತದ ವತ್ರಾಪ್ ಎಂಬ ಊರಿನಲ್ಲಿ. ಇದು ಈಗಿನ ವಿರುದುನಗರ ಜಿಲ್ಲೆಯಲ್ಲಿದೆ. ಮಧುರೈಯ ಅಮೆರಿಕನ್ ಕಾಲೇಜು ಮತ್ತು ಮದರಾಸು ಕ್ರಿಶ್ಚಿಯನ್ ಕಾಲೇಜುಗಳಲ್ಲಿ ಓದಿ, ಎರಡನೆಯದರಲ್ಲಿ ರಸಾಯನಶಾಸ್ತ್ರದ ಪ್ರಾಯೋಗಿಕ ಬೋಧಕರಾದರು. 1920ರಲ್ಲಿ ಕಲಕತ್ತೆಗೆ ತೆರಳಿದರು. 1923ರಿಂದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ರಾಮನ್ ಅವರ ಜೊತೆ ಸಂಶೋಧನೆಗೆ ನಿಂತರು.

ರಾಮನ್ ಪರಿಣಾಮ

1928ರ ಫೆಬ್ರವರಿಯಲ್ಲಿ ದ್ರವಗಳಲ್ಲಿ ಚದುರಿದ ಬೆಳಕನ್ನು ಕುರಿತ ನಿರ್ಣಾಯಕ ಪ್ರಯೋಗಗಳಲ್ಲಿ ಕೃಷ್ಣನ್ ದಿನದಿನವೂ ದುಡಿದರು. ಆ ದಿನಗಳ ಅವರ ದಿನಚರಿ ವಿಜ್ಞಾನ ಇತಿಹಾಸಕಾರರಿಗೆ ಇಂದಿಗೂ ಮುಖ್ಯ ಆಕರ. ಮಾರ್ಚ್ ತಿಂಗಳ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಮೊದಲ ಟಿಪ್ಪಣಿಗೆ ರಾಮನ್ ಮತ್ತು ಕೃಷ್ಣನ್ ಇಬ್ಬರದೂ ಸಹಿಯಿತ್ತು. 1930ರ ನೊಬೆಲ್ ಪ್ರಶಸ್ತಿ ರಾಮನ್ ಒಬ್ಬರಿಗೇ ಸಂದಿತು. ಶ್ರೇಯಸ್ಸಿನ ಹಂಚಿಕೆಯ ಬಗ್ಗೆ ಆಮೇಲೆ ಬಹಳ ಚರ್ಚೆ ನಡೆದಿದೆ. ಪ್ರಶಸ್ತಿ ಘೋಷಣೆಯಾಗುವ ಹೊತ್ತಿಗೆ ಕೃಷ್ಣನ್ ಬೇರೆ ಊರಿನಲ್ಲಿ, ಬೇರೆ ವಿಷಯದಲ್ಲಿ ಮುಳುಗಿದ್ದರು.

ಸ್ಫಟಿಕಗಳ ಕಾಂತಗುಣ

1928ರ ಕೊನೆಯಲ್ಲಿ ಅವರು ಢಾಕಾ ವಿಶ್ವವಿದ್ಯಾಲಯದಲ್ಲಿ ರೀಡರ್ ಆದರು. ಸತ್ಯೇಂದ್ರನಾಥ ಬೋಸ್ ಆಗ ಅಲ್ಲಿದ್ದರು. ಸ್ಫಟಿಕದ ಕಾಂತಗುಣ ಎಲ್ಲ ದಿಕ್ಕುಗಳಲ್ಲೂ ಒಂದೇ ಆಗಿರುವುದಿಲ್ಲ. ಒಳಗಿನ ಅಣುಗಳ ಜೋಡಣೆಗೆ ತಕ್ಕಂತೆ ಬದಲಾಗುತ್ತದೆ. ಈ ವ್ಯತ್ಯಾಸ ಬಹಳ ಸೂಕ್ಷ್ಮ. ಅದನ್ನು ಅಳೆಯಲು ಕೃಷ್ಣನ್ ಮತ್ತು ಅವರ ಸಹೋದ್ಯೋಗಿಗಳು ಹೂಡಿದ ಉಪಾಯ ಸರಳತೆಯಿಂದಲೇ ಗಮನ ಸೆಳೆಯುತ್ತದೆ. ಪುಟ್ಟ ಸ್ಫಟಿಕವೊಂದನ್ನು ತೆಳ್ಳನೆಯ ಕ್ವಾರ್ಟ್ಸ್ ಎಳೆಗೆ ಕಟ್ಟಿ ಏಕರೂಪದ ಕಾಂತಕ್ಷೇತ್ರದಲ್ಲಿ ತೂಗಬಿಟ್ಟು, ಎಳೆಯ ಮೇಲ್ತುದಿಯನ್ನು ನಿಧಾನವಾಗಿ ತಿರುಚುತ್ತಾ ಹೋಗುವುದು. ಸ್ಫಟಿಕ ಮೊದಲು ಸ್ವಲ್ಪಸ್ವಲ್ಪವೇ ತಿರುಗುತ್ತದೆ. ತನ್ನ ಸಹಜ ನೆಲೆಯಿಂದ 45 ಡಿಗ್ರಿ ದಾಟಿದೊಡನೆ ತಟ್ಟನೆ ಹೊರಳಿಬಿಡುತ್ತದೆ. ಅಲ್ಲಿಯವರೆಗೆ ತಿರುಚಿದ ಕೋನದಿಂದ ಎರಡು ದಿಕ್ಕುಗಳ ಕಾಂತಗುಣದ ಅಂತರವನ್ನು ಲೆಕ್ಕಹಾಕಬಹುದು. ಹೆಚ್ಚಿನ ಹಣವಾಗಲಿ ಬೃಹತ್ ಯಂತ್ರವಾಗಲಿ ಇದಕ್ಕೆ ಬೇಕಿರಲಿಲ್ಲ.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೊರಟರು. ಅದೇ ವರ್ಷ ಕೃಷ್ಣನ್ ಕಲಕತ್ತೆಗೆ ಮರಳಿ ಮಹೇಂದ್ರಲಾಲ್ ಸರ್ಕಾರ್ ಪ್ರಾಧ್ಯಾಪಕರಾದರು. ಸ್ಫಟಿಕಶಾಸ್ತ್ರಜ್ಞೆ ಕ್ಯಾಥ್ಲೀನ್ ಲಾನ್ಸ್‌ಡೇಲ್ ಅವರೊಡನೆ 1936ರಲ್ಲಿ ಪ್ರಬಂಧ ಬರೆದರು.

ಗ್ರಾಫೈಟ್

ಪೆನ್ಸಿಲ್ ಕಡ್ಡಿಯ ಗ್ರಾಫೈಟ್‌ನಲ್ಲಿ ಇಂಗಾಲದ ಪರಮಾಣುಗಳು ಹಾಳೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ಕಾಂತಕ್ಷೇತ್ರವು ಹಾಳೆಗಳಿಗೆ ಲಂಬವಾಗಿದ್ದಾಗ ಅದು ಕಾಂತವನ್ನು ಬಲವಾಗಿ ವಿಕರ್ಷಿಸುತ್ತದೆ. ಕ್ಷೇತ್ರ ಹಾಳೆಗಳಿಗೆ ಸಮಾಂತರವಾಗಿದ್ದರೆ ವಿಕರ್ಷಣೆ ಅತ್ಯಲ್ಪ. ಈ ಎರಡರ ನಡುವಿನ ಅನುಪಾತ 40ಕ್ಕೂ ಹೆಚ್ಚು. 1941ರಲ್ಲಿ ಎನ್. ಗಂಗೂಲಿ ಅವರೊಡನೆ ಪ್ರಕಟಿಸಿದ ಪ್ರಬಂಧದಲ್ಲಿ ಕೃಷ್ಣನ್, ಈ ಗುಣಕ್ಕೆ ಹಾಳೆಗಳಲ್ಲಿ ಚಲಿಸುವ ಮುಕ್ತ ಎಲೆಕ್ಟ್ರಾನುಗಳೇ ಕಾರಣವೆಂದು ವಿವರಿಸಿದರು. ಉಷ್ಣತೆ ಏರಿದಂತೆ ಗುಣ ಕುಗ್ಗುವುದನ್ನೂ ಅವರು ಅಳೆದಿದ್ದರು. ಗ್ರಾಫೈಟ್‌ನ ಪದರಗಳ ನಡುವೆ ಬ್ರೋಮಿನ್‌ನಂಥ ವಸ್ತು ಸೇರಿಸಿ ಎಲೆಕ್ಟ್ರಾನುಗಳ ಸಂಖ್ಯೆ ಬದಲಿಸಿದರೂ ಈ ವಿಕರ್ಷಣೆ ಕುಗ್ಗುತ್ತದೆ.

ಗ್ರಾಫೈಟ್‌ನ ಒಂದೇ ಹಾಳೆಯನ್ನು, ಅಂದರೆ ಗ್ರಾಫೀನನ್ನು, ಬೇರ್ಪಡಿಸಿ ಅಧ್ಯಯನ ಮಾಡಲು ಸಾಧ್ಯವಾದದ್ದು 2004ರಲ್ಲಿ. ಒಂದೇ ಪದರದ ಕ್ರೋಮಿಯಂ ಟ್ರೈಅಯೊಡೈಡ್ ಆಯಸ್ಕಾಂತದಂತೆ ವರ್ತಿಸುತ್ತದೆಂದು 2017ರಲ್ಲಿ ತೋರಿಸಲಾಯಿತು. ಟಂಗ್‌ಸ್ಟನ್ ಡೈಸೆಲೆನೈಡ್‌ನಂಥ ತೆಳು ಅರೆವಾಹಕಗಳಿಗೆ ವನೇಡಿಯಂ ಬೆರೆಸಿ ಕಾಂತಗುಣ ತರುವ ಪ್ರಯತ್ನಗಳು ಈಗ ನಡೆಯುತ್ತಿವೆ. ಇವು ಕೃಷ್ಣನ್ ಅವರ ಪ್ರಯೋಗಗಳ ನೇರ ಮುಂದುವರಿಕೆಯಲ್ಲ. ಪದರದೊಳಗಿನ ಎಲೆಕ್ಟ್ರಾನುಗಳನ್ನು ಕಾಂತಗುಣದ ಮೂಲಕ ಅರಿಯುವ ಪ್ರಶ್ನೆ ಮಾತ್ರ ಎರಡಕ್ಕೂ ಸಮಾನ.

ನಂತರದ ಜೀವನ

1940ರಲ್ಲಿ ಕೃಷ್ಣನ್ ರಾಯಲ್ ಸೊಸೈಟಿಯ ಫೆಲೋ ಆದರು. 1942ರಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1946ರಲ್ಲಿ ಸರ್ ಪದವಿ ಬಂತು. 1947ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮೊದಲ ನಿರ್ದೇಶಕರಾಗಿ ಹೊಣೆ ಹೊತ್ತರು. ಕಟ್ಟಡ, ನೇಮಕಾತಿ, ಸಮಿತಿಗಳ ನಡುವೆಯೂ ಕಾದ ಲೋಹಗಳಿಂದ ಎಲೆಕ್ಟ್ರಾನುಗಳು ಹೊರಹೊಮ್ಮುವ ಬಗೆಯನ್ನು ಕುರಿತು ಸಂಶೋಧನೆ ನಡೆಸಿದರು. ಕಾಂತಗುಣದ ಅಳತೆಗಳಿಗೆ ಮಾತ್ರ ಮೊದಲಿನಷ್ಟು ಬಿಡುವು ದೊರೆಯಲಿಲ್ಲ. 1954ರಲ್ಲಿ ಪದ್ಮಭೂಷಣ ಮತ್ತು 1958ರಲ್ಲಿ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದವು. ಸಂಸ್ಕೃತ ಮತ್ತು ತಮಿಳು ಸಾಹಿತ್ಯಗಳಲ್ಲಿ ಅವರಿಗೆ ಒಳ್ಳೆಯ ಪರಿಶ್ರಮವಿತ್ತು; ತಮಿಳಿನಲ್ಲಿ ವಿಜ್ಞಾನ ಲೇಖನಗಳನ್ನೂ ಬರೆದರು. 1961ರ ಜೂನ್ 14ರಂದು ದೆಹಲಿಯಲ್ಲಿ ಹೃದಯಾಘಾತದಿಂದ ನಿಧನರಾದರು.